ಹಳೇ ಕಿಟಕಿ, ಹೊಸ ಮರ: ಓದುಗರ ಪ್ರಶ್ನೆಗಳಿಗೆ ಉತ್ತರ

ಹಳೇ ಮನೆಗಳ ಬಾಗಿಲು ಕಿಟಕಿ ರಿಪೇರಿ ಬಗ್ಗೆ, ಅದೇ ತರದ್ದು ಹೊಸದಾಗಿ ಮಾಡಿಸೋದರ ಬಗ್ಗೆ ಪ್ರಶ್ನೆ ಕಳಿಸಿ ಅಂದಿದ್ವಿ. ಬಂದಿರೋದ್ರಲ್ಲಿ ಅರ್ಧದಷ್ಟು ಜನ ಕೇಳಿರೋದು "ಎಲ್ಲಾ ಕಿತ್ತು ಹಾಕಿಬಿಡ್ಲಾ" ಅಂತಾನೇ. ಹಾಗಾಗಿ ಅದನ್ನೇ ಮೊದಲು ತಗೊಂಡಿದೀನಿ.

ತೀರ್ಥಹಳ್ಳಿ ಹತ್ರದ ಓದುಗರು: ಸರ್, ನಮ್ಮದು ಅಜ್ಜನ ಕಾಲದ ತೊಟ್ಟಿ ಮನೆ. ಹೊರಗೋಡೇಲಿ 14 ಕಿಟಕಿ ಇದಾವೆ, ಎಲ್ಲಾ ನಾಲ್ಕು ಪಡಿದು (ತೆರೆದು ಮುಚ್ಚೋ ಕದ), ಮೇಲೆರಡು ಕೆಳಗೆರಡು, ಒಳಗೆ ಅಡ್ಡ ಸರಳು. ಕೆಳಗಡೆ ಲಡ್ಡು ಹಿಡಿದಿದೆ. ಆಚಾರ್ರು ಎಲ್ಲ ಕಿತ್ತು ತೇಗದಲ್ಲಿ ಸೇಮ್ ಟು ಸೇಮ್ ಮಾಡ್ಕೊಡ್ತೀನಿ ಅಂತಾರೆ, ಮಗ ಬೆಂಗಳೂರಿಂದ ಫೋನ್ ಮಾಡಿ ಯುಪಿವಿಸಿ (ಗಟ್ಟಿ ಪ್ಲಾಸ್ಟಿಕ್ ಕಿಟಕಿ) ಹಾಕ್ಸಿ ಅಪ್ಪಾ ತಲೆನೋವೇ ಇರಲ್ಲ ಅಂತಾನೆ. ಏನು ಮಾಡ್ಲಿ?

ಉತ್ತರ: ಮೊದಲು ಆಚಾರ್ರನ್ನ ಸ್ವಲ್ಪ ದಿನ ತಡೀರಿ. 14 ಕಿಟಕಿನೂ ಒಂದೇ ಸಮ ಹಾಳಾಗಿರೋ ಮನೆ ನಾನಂತೂ ನೋಡಿಲ್ಲ. ಒಂದು ಸೀಮೆಸುಣ್ಣ, ಒಂದು ಚೂಪು ಸ್ಕ್ರೂಡ್ರೈವರ್ ತಗೊಂಡು ಮನೆ ಸುತ್ತ ಹೋಗಿ, ಪ್ರತಿ ಕಿಟಕಿಗೂ ನಂಬರ್ ಬರೀರಿ. ಚೌಕಟ್ಟಿನ ಕೆಳಗಿನ ಅಡ್ಡಮರ, ಎರಡೂ ನಿಲುವಿನ ಕೆಳಗಿನ ಅರ್ಧ ಅಡಿ, ಪಡಿಗಳ ಕೆಳ ಅಂಚು, ಇಷ್ಟು ಕಡೆ ಚುಚ್ಚಿ ನೋಡಿ, ಮೆತ್ತಗೆ ಒಳಗೆ ಹೋದಲ್ಲಿಗೆಲ್ಲ ಗೆರೆ ಎಳೀರಿ. ಸುತ್ತು ಮುಗಿಯೋ ಹೊತ್ತಿಗೆ ನಿಮಗೇ ಗೊತ್ತಾಗತ್ತೆ, ಬಹಳಷ್ಟು ಕಿಟಕಿಗಳಲ್ಲಿ ಮೇಲಿನ ಮುಕ್ಕಾಲು ಭಾಗಕ್ಕೆ ಏನೂ ಆಗಿರಲ್ಲ.

ಯಾಕಂದ್ರೆ ಕೆಡಿಸಿರೋದು ಮರದ ವಯಸ್ಸಲ್ಲ, ನೀರು. ಮರ ಪಕ್ಕದಿಂದ ಅಷ್ಟಾಗಿ ನೀರು ಕುಡಿಯಲ್ಲ, ಕುಯ್ದ ತುದಿಯಿಂದ ಕುಡಿಯತ್ತೆ, ನಿಲುವು ಬಂದು ಕೆಳಗಿನ ಅಡ್ಡಮರಕ್ಕೆ ಸೇರೋ ಜಾಗದಲ್ಲೇ ಆ ತುದಿ ಇರೋದು, ಮಳೆಗಾಲದಲ್ಲಿ ನೀರು ಇಳಿದು ಬಂದು ನಿಲ್ಲೋದೂ ಅಲ್ಲೇ. ಇದರ ಜೊತೆಗೆ ಮಲೆನಾಡಲ್ಲಿ ಇನ್ನೊಂದು ರೋಗ ಇದೆ, ಮಣ್ಣಿನ ಗೋಡೆಗೋ ಜಂಬಿಟ್ಟಿಗೆ ಗೋಡೆಗೋ ಆಮೇಲೆ ಯಾರೋ ಸಿಮೆಂಟ್ ಗಾರೆ ಮಾಡ್ಸಿರ್ತಾರೆ, ಗೋಡೆಯೊಳಗಿನ ತೇವ ಮುಂಚೆ ಸುಣ್ಣದ ಗಾರೆ ಮೂಲಕ ಆರ್ತಿತ್ತು, ಈಗ ಹೊರಗೆ ಬರೋಕೆ ದಾರಿ ಇಲ್ದೆ ಚೌಕಟ್ಟಿನ ಮರಕ್ಕೆ ಹೋಗತ್ತೆ. ಇದನ್ನ ಹಾಗೇ ಬಿಟ್ಟು ಎಂಥಾ ತೇಗ ತಂದು ಕೂರಿಸಿದ್ರೂ ಅದೂ ಅದೇ ಜಾಗದಲ್ಲಿ ಲಡ್ಡಾಗತ್ತೆ. ಕಿಟಕಿ ಸುತ್ತ ಒಂದು ಗೇಣಿನಷ್ಟು ಸಿಮೆಂಟ್ ಕೆತ್ತಿಸಿ ಸುಣ್ಣದ ಗಾರೆ ಹಾಕ್ಸಿ, ಕೆಳಗಿನ ಕಟ್ಟೆ ಹೊರಗಡೆಗೆ ಇಳಿಜಾರಾಗಿದ್ಯಾ ನೋಡ್ಕೊಳ್ಳಿ, ಸೂರಿನ ನೀರು ಎಲ್ಲಿ ಬೀಳತ್ತೆ ಅಂತ ಒಂದು ಮಳೇಲಿ ನಿಂತು ನೋಡಿ.

ಇನ್ನು ಬರೀ ಕೆಳಗೆ ಕೆಟ್ಟಿರೋ ಕಿಟಕಿಗಳಿಗೆ ತುಂಡು ಸೇರಿಸೋ ಕೆಲಸ ಸಾಕು. ಕೆಟ್ಟ ಭಾಗದ ಜೊತೆ ಎರಡು ಇಂಚು ಗಟ್ಟಿ ಮರನೂ ಸೇರಿಸಿ ಓರೆಯಾಗಿ ಕುಯ್ದು, ಅದೇ ಜಾತಿ ಮರದ ತುಂಡನ್ನ ಅದೇ ಓರೇಲಿ ಕೂರಿಸೋದು. ಓರೆಯ ಉದ್ದ ಮರದ ದಪ್ಪದ ನಾಲ್ಕು ಪಟ್ಟಾದ್ರೂ ಇರ್ಲಿ, ಅಂದ್ರೆ 3 ಇಂಚು ದಪ್ಪಕ್ಕೆ ಒಂದಡಿ. ಓರೆ ಹೊರಮುಖಕ್ಕೆ ಇಳಿದು ಹೋಗ್ಬೇಕು, ಒಳಮುಖಕ್ಕೆ ಇಳಿದ್ರೆ ಜಾಯಿಂಟೇ ನೀರನ್ನ ಒಳಗೆ ಕರ್ಕೊಂಡು ಹೋಗತ್ತೆ. ಎಪಾಕ್ಸಿ ಹಚ್ಚಿ ಎರಡು ಮರದ ಗೂಟ ಹೊಡೀಲಿ, ಮೊಳೆ ಬೇಡ. ಹಲಸಿನ ಚೌಕಟ್ಟಿಗೆ ತೇಗದ ತುಂಡು ಹಾಕೋಣ ಅಂತ ಆಚಾರ್ರು ಅಂದ್ರೆ ಬೇಡ ಅನ್ನಿ, ಎರಡೂ ಮರ ಮಳೆಗಾಲದಲ್ಲಿ ಒಂದೇ ಸಮ ಹಿಗ್ಗಲ್ಲ.

ಪೂರ್ತಿ ಹೋಗಿರೋವು ಮೂರೋ ನಾಲ್ಕೋ ಇರ್ತಾವಲ್ಲ, ಅವನ್ನ ಮಾತ್ರ ಹೊಸದಾಗಿ ಮಾಡ್ಸಿ. ಮಾಡಿಸೋ ಮುಂಚೆ ಅದರಲ್ಲಿ ಒಂದನ್ನ ಪೂರ್ತಿ ಬಿಚ್ಚಿಸಿ. ಫೋಟೋ ತೋರ್ಸಿ ಮಾಡಿಸಿದ್ರೆ ದೂರದಿಂದ ಅದೇ ತರ ಕಾಣೋ, ಒಳಗೆ ಸ್ಕ್ರೂ ಫೆವಿಕಾಲಲ್ಲಿ ನಿಂತಿರೋ ಕಿಟಕಿ ಸಿಗತ್ತೆ. ಬಿಚ್ಚಿದಾಗ ನೋಡಿ, ಒಂದು ಮರದ ನಾಲಗೆ ಇನ್ನೊಂದರ ತೂತಿನಲ್ಲಿ ಎಷ್ಟು ಆಳ ಹೋಗಿದೆ, ಆಚೆ ಕಡೆ ಹೊರಗೆ ಬಂದಿದ್ಯಾ, ಗೂಟ ಎಲ್ಲಿ ಹೊಡೆದಿದಾರೆ. ಕೆಲವು ಕಡೆ ನಾಲಗೇಲಿರೋ ಗೂಟದ ತೂತು ಒಂಚೂರು ಒಳಸರಿದಿರತ್ತೆ, ಗೂಟ ಹೊಡೆದಾಗ ಜಾಯಿಂಟ್ ತಾನೇ ಎಳ್ಕೊಂಡು ಬಿಗಿಯಾಗ್ಲಿ ಅಂತ. ಅಂಟೇ ಇಲ್ದೆ ಇಷ್ಟು ವರ್ಷ ನಿಂತಿರೋದು ಹೀಗೆ.

ಪಡಿಯ ಮಧ್ಯದ ಹಲಗೆ ನೋಡಿ, ಅದು ಸುತ್ತಲಿನ ಪಟ್ಟೀಲಿ ಕೊರೆದ ಗಾಡೀಲಿ (ಉದ್ದನೆ ಸಂದು) ಸುಮ್ನೆ ಕೂತಿರತ್ತೆ, ಅಂಟಿಸಿರಲ್ಲ. ಮರ ಉದ್ದಕ್ಕೆ ಹಿಗ್ಗೋದು ಇಲ್ಲವೇ ಇಲ್ಲ ಅನ್ನೋಷ್ಟು ಕಮ್ಮಿ, ಅಗಲಕ್ಕೆ ಮಾತ್ರ ಮಳೆಗಾಲ ಬೇಸಿಗೆ ಅಂತ ಹಿಗ್ಗಿ ಕುಗ್ಗತ್ತೆ. ಈಗಿನವರು ಅಲುಗಾಡತ್ತೆ ಅಂತ ಅಲ್ಲಿಗೆ ಅಂಟು ಹಾಕ್ತಾರೆ, ಎರಡನೇ ಬೇಸಿಗೆಗೆ ಹಲಗೆ ಸೀಳತ್ತೆ, ಆಮೇಲೆ ಮರ ಸರಿ ಇರ್ಲಿಲ್ಲ ಅಂತಾರೆ.

ಚೌಕಟ್ಟಿನ ವಿಷ್ಯದಲ್ಲಿ ಒಂದು ತೊಡಕಿದೆ. ಹಳೇ ಕಾಲದಲ್ಲಿ ಮೊದಲು ಚೌಕಟ್ಟು ನಿಲ್ಲಿಸಿ ಆಮೇಲೆ ಅದರ ಸುತ್ತ ಗೋಡೆ ಕಟ್ತಿದ್ರು, ಅಡ್ಡಮರದ ತುದಿಗಳು ಎರಡೂ ಬದಿಗೆ ಗೋಡೆಯೊಳಗೆ ಚಾಚ್ಕೊಂಡಿರ್ತಾವೆ. ಈಗ ಅದೇ ಅಳತೇಲಿ ಮಾಡಿ ತಂದ್ರೆ ಗೋಡೆ ಒಡೀದೆ ಒಳಗೆ ಹೋಗಲ್ಲ. ಆ ಚಾಚಿದ ತುದಿ ಬಿಟ್ಟು ಮಾಡ್ಸಿ, ಬದಿಗೆ ಕಬ್ಬಿಣದ ಹೋಲ್ಡ್‌ಫಾಸ್ಟ್ (ಚೌಕಟ್ಟನ್ನ ಗೋಡೆಗೆ ಹಿಡಿಯೋ ಪಟ್ಟಿ) ಹಾಕಿ ನಿಲ್ಲಿಸಿ, ಮಣ್ಣಿನ ಗೋಡೆ ಒಡೆದು ಪೂರ್ತಿ ನಕಲು ಮಾಡೋ ಹಠ ಬೇಡ. ಅಳತೆ ತೆಗೆಯುವಾಗ ಅಗಲನ ಮೇಲೆ, ಮಧ್ಯ, ಕೆಳಗೆ ಮೂರು ಕಡೆ ತಗೊಳ್ಳಿ, ಎರಡೂ ಮೂಲೆಯಿಂದ ಮೂಲೆಗೆ ಟೇಪ್ ಹಿಡೀರಿ, ಹಳೇ ಗೋಡೆ ಯಾವುದೂ ಮೂಲೆಮಟ್ಟಕ್ಕೆ ಇರಲ್ಲ. ಅಂಚಿನ ಗೆರೆ ಕೆತ್ತನೆ ಇದ್ರೆ ಬಣ್ಣ ಕೆರೆದು ಮರ ಕಂಡ ಮೇಲೇ ಅದರ ಅಚ್ಚು ತಗೊಳ್ಳಿ, ಇಲ್ಲಾಂದ್ರೆ ಆಚಾರ್ರು ಪೇಂಟಿನ ಪದರಾನೂ ಸೇರಿಸಿ ಕೆತ್ತಿ ಇಡ್ತಾರೆ.

ಖರ್ಚಿನ ಅಂದಾಜಿಗೆ ಹೇಳ್ತೀನಿ, 5 ಅಡಿ ಎತ್ತರ ಮೂರೂವರೆ ಅಡಿ ಅಗಲದ ಕಿಟಕಿಗೆ 4 ಇಂಚು 3 ಇಂಚಿನ ಚೌಕಟ್ಟಂದ್ರೆ 17 ಅಡಿ ಮರ, ಸುಮಾರು 1.4 ಸಿಎಫ್‌ಟಿ (ಘನ ಅಡಿ) ಆಯ್ತು, ವೇಸ್ಟೇಜ್ ಬೇರೆ, ಪಡಿ ಬೇರೆ. ಇದನ್ನ 14ರಿಂದ ಗುಣಿಸಿ ನೋಡಿ, ಆಮೇಲೆ ಬರೀ ಕೆಳಗಿನ ತುಂಡುಗಳದ್ದು ಲೆಕ್ಕ ಹಾಕಿ ನೋಡಿ. ಮಗನಿಗೆ ಆ ಎರಡು ಅಂಕಿ ಕಳಿಸಿದ್ರೆ ಸಾಕು. ಯುಪಿವಿಸಿ ಅಪಾರ್ಟ್‌ಮೆಂಟಿಗೆ ಚೆನ್ನಾಗಿದೆ, ಆದ್ರೆ ಅದರ ರಬ್ಬರೋ ಲಾಕೋ ಹೋದ್ರೆ ನಿಮ್ಮೂರಲ್ಲಿ ಸರಿ ಮಾಡೋರು ಯಾರು?

ಬಸವನಗುಡಿ, ಬೆಂಗಳೂರಿನ ಓದುಗರು: ನಮ್ದು 1920ರ ಆಸುಪಾಸಿನ ಮನೆ, ಮುಂದಿನ ಕಿಟಕಿಗಳ ಮೇಲೆ ಮಂಕಿ ಟಾಪ್ (ಮುಂದಕ್ಕೆ ಚಾಚಿರೋ ಮರದ ಪಟ್ಟಿಗಳ ಮಾಡು) ಇದೆ, ಅದರ ಪಟ್ಟಿಗಳು ಅರ್ಧಕ್ಕರ್ಧ ಬಿದ್ದು ಹೋಗಿವೆ. ಒಬ್ರು ಸಿಎನ್‌ಸಿ (ಕಂಪ್ಯೂಟರ್ ನಡೆಸೋ) ಮಷೀನಲ್ಲಿ ಡಬ್ಲ್ಯೂಪಿಸಿ (ಮರದ ಪುಡಿ, ಪ್ಲಾಸ್ಟಿಕ್ ಬೆರೆಸಿದ) ಬೋರ್ಡ್ ಕಟ್ ಮಾಡಿ ಬೇಗ ಕೊಡ್ತೀನಿ ಅಂತಿದಾರೆ. ಹಳೇ ಪೇಂಟ್‌ನ ಗ್ಯಾಸ್ ಟಾರ್ಚಲ್ಲಿ ಸುಟ್ಟು ತೆಗೀತಾರಂತೆ. ಬಣ್ಣದ ಗಾಜೂ ಎರಡು ಒಡೆದಿದೆ. ಓಕೆನಾ?

ಉತ್ತರ: ಟಾರ್ಚ್ ವಿಷ್ಯ ಮೊದ್ಲು. ಬೇಡ, ಖಂಡಿತ ಬೇಡ. ಹಳೇ ಆಯಿಲ್ ಪೇಂಟಲ್ಲಿ ಸೀಸ ಇರೋ ಸಾಧ್ಯತೆ ತುಂಬಾ ಜಾಸ್ತಿ. ನಮ್ಮ ದೇಶದಲ್ಲಿ ಮನೆ ಪೇಂಟಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷದಲ್ಲಿ 90 ಭಾಗ) ದಾಟಬಾರದು ಅನ್ನೋ ನಿಯಮ ಬಂದಿದ್ದೇ 2016ರಲ್ಲಿ, ಅಂದ್ಮೇಲೆ ನಿಮ್ಮ ಕಿಟಕಿ ಮೇಲಿರೋ ಪದರಗಳಲ್ಲಿ ಏನೇನಿದ್ಯೋ. ಸುಟ್ರೆ ಹೊಗೇಲಿ ಬರತ್ತೆ, ಒಣ ಮರಳು ಕಾಗದ ಹಾಕಿ ಉಜ್ಜಿದ್ರೆ ಧೂಳಲ್ಲಿ ಬರತ್ತೆ, ಮನೇಲಿ ಚಿಕ್ಕ ಮಕ್ಕಳಿದ್ರೆ ಕೇಳೋದೇ ಬೇಡ. ಒದ್ದೆ ಮಾಡಿ ಕೆರೀಲಿ, ಕೆಳಗೆ ಪ್ಲಾಸ್ಟಿಕ್ ಹಾಸ್ಲಿ, ಮಾಸ್ಕ್ ಹಾಕ್ಕೊಳ್ಳಲಿ, ಕೆರೆದಿದ್ದನ್ನ ಗಿಡದ ಬುಡಕ್ಕೆ ಸುರೀಬೇಡಿ. ಇನ್ನೂ ಒಂದು, ಎಲ್ಲಾ ಕೆರೆಯೋ ಮುಂಚೆ ಮೂಲೇಲಿ ಒಂದು ರೂಪಾಯಿ ನಾಣ್ಯದಷ್ಟು ಜಾಗನ ಒದ್ದೆ ಮರಳು ಕಾಗದದಲ್ಲಿ ನಿಧಾನಕ್ಕೆ ಉಜ್ಜಿಸಿ, ಉಂಗುರ ಉಂಗುರವಾಗಿ ಒಂದೊಂದು ಕಾಲದ ಬಣ್ಣ ಕಾಣತ್ತೆ, ತಳದಲ್ಲಿರೋದು ಮೊದಲ ಬಣ್ಣ. ಬೆಂಗಳೂರಲ್ಲಿ ಎಲ್ಲರೂ ಹೆರಿಟೇಜ್ ಅಂದ್ರೆ ಚಾಕ್ಲೇಟ್ ಬಣ್ಣದ ಪಾಲಿಶ್ ಅನ್ಕೊಂಡಿದಾರೆ, ಕೆರೆದು ನೋಡಿದ್ರೆ ಎಷ್ಟೋ ಮನೇಲಿ ಹಸಿರು ಸಿಗತ್ತೆ.

1898ರ ಪ್ಲೇಗ್ ಆದ್ಮೇಲೆ ಬೆಳೆದ ಬಸವನಗುಡಿ ಮಲ್ಲೇಶ್ವರಗಳಲ್ಲಿ ಮಂಕಿ ಟಾಪ್ ಇರೋ ಮನೆಗಳು ಈಗ ಹುಡುಕ್ಬೇಕು, ಆದ್ರಿಂದ ನಿಮ್ಮದನ್ನ ಸ್ವಲ್ಪ ಕಷ್ಟಪಟ್ಟೇ ಮಾಡ್ಸಿ. ಅದರ ಒಂದೊಂದು ಪಟ್ಟಿನೂ ಬೇರೆ ಬೇರೆ ತುಂಡು, ಹಿಂದೆ ಅಡ್ಡಪಟ್ಟಿಗೆ ಕೂರಿಸಿರ್ತಾರೆ, ಮಧ್ಯೆ ಸಂದು. ಬಿಸಿಲು ಬಿದ್ದಾಗ ಆ ಸಂದಿನ ನೆರಳೇ ಅದರ ಅಂದ. ಒಂದೇ ಬೋರ್ಡಲ್ಲಿ ಆಕಾರ ಕೊರೆದ್ರೆ ಆ ಆಳ ಬರಲ್ಲ, ಮುಂದೆ ಒಂದು ಪಟ್ಟಿ ಮುರಿದ್ರೆ ಇಡೀ ಬೋರ್ಡ್ ತೆಗೀಬೇಕು. ಡಬ್ಲ್ಯೂಪಿಸಿ ಬಿಸಿಲಿಗೆ ಮರಕ್ಕಿಂತ ಜಾಸ್ತಿ ಉದ್ದುದ್ದ ಹಿಗ್ಗತ್ತೆ, ಪಶ್ಚಿಮಕ್ಕೆ ಮುಖ ಮಾಡಿರೋ ಕಿಟಕಿಗಂತೂ ಬೇಡ.

ಮಷೀನ್ ಮೇಲೆ ನಂಗೇನೂ ಸಿಟ್ಟಿಲ್ಲ. ಒಂದೇ ತರದ ಪಟ್ಟಿ ಅರವತ್ತು ಎಪ್ಪತ್ತು ಬೇಕಾದಾಗ ತೇಗದ ತುಂಡುಗಳನ್ನ ಸಿಎನ್‌ಸೀಲಿ ಕುಯ್ಸಿ, ದುಡ್ಡು ಉಳಿಯತ್ತೆ. ಆದ್ರೆ ಅದರ ಬಿಟ್ ದುಂಡಗಿರೋದ್ರಿಂದ ಒಳಮೂಲೆಗಳೆಲ್ಲ ದುಂಡಗಾಗಿ ಬರ್ತವೆ, ಹಳೇದರಲ್ಲಿ ಉಳಿ ಹೊಡೆದ ಚೂಪು ಮೂಲೆ ಇರತ್ತೆ. ಆ ಮೂಲೆಗಳನ್ನ ಒಬ್ಬ ಬಡಗಿ ಕೂತು ಉಳೀಲಿ ತೆಗೀಬೇಕು. ಇದನ್ನ ಮೊದಲೇ ಮಾತಾಡ್ಕೊಳ್ಳಿ, ಆಮೇಲೆ ಹೇಳಿದ್ರೆ ಎಕ್ಸ್‌ಟ್ರಾ ಅಂತಾರೆ.

ಗಾಜು: ಒಡೆದ ಎರಡನ್ನ ಮಾತ್ರ ಬದಲಾಯಿಸಿ. ಈಗ ಸಿಗೋ ನುಣ್ಣನೆ ಫ್ಲೋಟ್ ಗಾಜು ಬಂದಿದ್ದು 1959ರ ಮೇಲೆ, ನಿಮ್ಮ ಮನೇಲಿ ಇರೋದು ಅದಕ್ಕಿಂತ ಹಳೇದು, ಒಳಗಿಂದ ನೋಡಿದ್ರೆ ಹೊರಗಿನ ಮರ ಸ್ವಲ್ಪ ಅಲೆ ಅಲೆಯಾಗಿ ಕಾಣತ್ತೆ, ಅದು ಮತ್ತೆ ಅಂಗಡೀಲಿ ಸಿಗಲ್ಲ. ಕೂರಿಸೋಕೆ ಸಿಲಿಕಾನ್ ಬೇಡ, ಚಾಕ್ ಪೌಡರ್ ಮತ್ತು ಅಗಸೆ ಎಣ್ಣೆ ಕಲಸಿದ ಪುಟ್ಟಿನೇ ಇರ್ಲಿ, ಮುಂದೆ ಬಿಚ್ಚೋಕೆ ಬರತ್ತೆ. ಅಗಸೆ ಎಣ್ಣೆ ಒರೆಸಿದ ಬಟ್ಟೆನ ಮುದ್ದೆ ಮಾಡಿ ಮೂಲೇಲಿ ಬಿಸಾಕಬೇಡಿ, ತಾನೇ ಬಿಸಿಯಾಗಿ ಬೆಂಕಿ ಹತ್ತತ್ತೆ, ತಮಾಷೆ ಅಲ್ಲ. ಬಿಡಿಸಿ ಬಿಸಿಲಿಗೆ ಹರವಿ, ಇಲ್ಲಾ ನೀರಲ್ಲಿ ಮುಳುಗ್ಸಿಡಿ.

ಧಾರವಾಡ ಕಡೆಯ ಓದುಗರು: ನಮಸ್ಕಾರ್ರಿ. ನಮ್ದು ಹಳೀ ವಾಡೆ ಐತ್ರಿ. ಮುಂದಿನ ದೊಡ್ಡ ಬಾಗಲಕ್ಕ ಬಿಜಾಗರಿ ಇಲ್ರಿ, ಕದಾ ಹೊಸ್ತಲದಾಗಿನ ಕಲ್ಲಿನ ಕುಳ್ಯಾಗ ನಿಂತು ತಿರಗತೈತಿ. ಒಂದ್ ಕದಾ ಇಳದು ನೆಲಕ್ಕ ತಿಕ್ಕಾಕತ್ತೈತಿ. ಬಡಿಗ್ಯಾರು ಬಿಜಾಗರಿ ಹಾಕಿ ಹೊಸಾದು ಮಾಡೂಣು ಅಂತಾರ. ಹಳೀ ಮನಿ ಕೆಡವಿದ್ದ ಸಾಗವಾನಿ ಸಿಗತೈತ್ರಿ, ತಗೋಬಹುದೇನು?

ಉತ್ತರ: ಬಿಜಾಗರಿ ಬೇಡ್ರಿ. 7 ಅಡಿ ಎತ್ತರ, ಮೂರೂವರೆ ಅಡಿ ಅಗಲ, 2 ಇಂಚು ದಪ್ಪದ ಒಂದು ಸಾಗುವಾನಿ (ತೇಗ) ಕದ ಅಂದ್ರೆ ಬರೀ ಮರದ್ದೇ 75 ಕೆಜಿ ಹತ್ರ ಬರತ್ತೆ, ಕಬ್ಬಿಣದ ಗುಬ್ಬಿ (ಉಬ್ಬು ತಲೆಯ ಮೊಳೆ), ಪಟ್ಟಿ, ಸರಪಳಿ ಎಲ್ಲ ಸೇರಿದ್ರೆ ಇನ್ನೂ ಮೇಲೆ. ಈಗ ಅಷ್ಟೂ ಭಾರ ನೇರ ಕೆಳಗಿನ ಕಲ್ಲಿಗೆ ಹೋಗ್ತಿದೆ. ಬಿಜಾಗರಿ ಹಾಕಿದ ಕೂಡ್ಲೇ ಅದೆಲ್ಲ ಚೌಕಟ್ಟಿನ ಬದಿಗೆ, ನಾಲ್ಕಾರು ಸ್ಕ್ರೂ ಮೇಲೆ ಬೀಳತ್ತೆ, ಚೌಕಟ್ಟೇ ಗೋಡೆ ಬಿಟ್ಟು ಬರತ್ತೆ.

ನಿಮ್ಮ ಬಾಗಿಲಿಗೆ ಆಗಿರೋದು ಇಷ್ಟೇ ಇರ್ಬೇಕು, ಕೆಳಗಿನ ತಿರುಗೋ ತುದಿ ಸವೆದು ಗಿಡ್ಡಾಗಿದೆ, ಅದಕ್ಕೆ ಕದ ಇಳಿದಿದೆ. ಹೆಚ್ಚಾಗಿ ಇಂಥ ಬಾಗಿಲಲ್ಲಿ ಮೇಲಿನ ಕುಳಿ ಆಳ ಇರತ್ತೆ, ನಾಲ್ಕು ಜನ ಸೇರಿ ಕದಾನ ಮೇಲಕ್ಕೆ ಎತ್ತಿ ಕೆಳಗಿಂದ ಹೊರಗೆ ತೆಗೀಬಹುದು. ತೆಗೆದ ಮೇಲೆ ಸವೆದ ತುದೀನ ಸಮ ಕುಯ್ದು, ಕಮ್ಮಾರನ ಹತ್ರ ಒಂದು ಕಬ್ಬಿಣದ ಟೋಪಿ ಮಾಡಿಸಿ ತೊಡಿಸಿ, ಕುಳಿಯ ತಳಕ್ಕೂ ದಪ್ಪ ಕಬ್ಬಿಣದ ಬಿಲ್ಲೆ ಹಾಕಿ, ಎಷ್ಟು ಇಳಿದಿದ್ಯೋ ಅಷ್ಟೇ ಎತ್ತರ ಬರೋ ಹಾಗೆ. ಬಡಿಗೇರು, ಕಮ್ಮಾರರು ಇಬ್ಬರೂ ಅದೇ ದಿನ ಬರಬೇಕು, ಕದ ಇಲ್ದೆ ವಾಡೆ ರಾತ್ರಿ ತೆರೆದಿಟ್ಟು ಮಲಗೋಕಾಗಲ್ಲವಲ್ಲ.

ಗುಬ್ಬಿಗಳನ್ನ ಬರೀ ಅಲಂಕಾರ ಅಂತ ಕಿತ್ತು ಪಾಲಿಶ್ ಮಾಡಿ ಮತ್ತೆ ಅಂಟಿಸೋರಿದಾರೆ. ಅವು ಮುಂದಿನ ಹಲಗೆನ ಹಿಂದಿನ ಅಡ್ಡಪಟ್ಟಿಗೆ ಹಿಡಿದಿರೋ ಮೊಳೆಗಳು, ತುದಿ ಹಿಂದೆ ಮಡಿಚಿರತ್ತೆ. ಮುಟ್ಟಬೇಡಿ.

ಹಳೇ ಸಾಗುವಾನಿ ಖಂಡಿತ ತಗೊಳ್ಳಿ, ಆದ್ರೆ ತೊಲೆ, ಜಂತಿ ತಗೊಳ್ಳಿ. ಪೂರ್ತಿ ಒಣಗಿರತ್ತೆ, ಬಹುತೇಕ ಕೆಚ್ಚೇ (ಒಳಗಿನ ಗಟ್ಟಿ ಮರ) ಇರತ್ತೆ. ಈಗ ತೋಟದಲ್ಲಿ ಬೇಗ ಕಡಿದ ಎಳೇ ತೇಗದಲ್ಲಿ ಹೊರಗಿನ ಬಿಳಿ ಭಾಗನೇ ಜಾಸ್ತಿ, ಅದಕ್ಕೆ ಗೆದ್ದಲು ಸಲೀಸಾಗಿ ಬರತ್ತೆ. ಇನ್ನೊಬ್ಬರ ವಾಡೆಯ ಕೆತ್ತನೆ ಬಾಗಿಲನ್ನೇ ತಂದು ನಿಮ್ಮ ಗೋಡೆಗೆ ಕೂರಿಸೋದು ಮಾತ್ರ ನಂಗೆ ಇಷ್ಟ ಇಲ್ಲ, ಅದು ನಿಮ್ಮ ಮನೆ ಕಥೆ ಅಲ್ಲ, ಮೇಲಾಗಿ ಅದಕ್ಕೆ ಗಿರಾಕಿ ಇದಾರೆ ಅಂತಾನೇ ಇನ್ನೊಂದು ವಾಡೆ ಕೆಡವ್ತಾರೆ. ಕುಯ್ಸೋ ಮುಂಚೆ ಮೆಟಲ್ ಡಿಟೆಕ್ಟರ್ ಆಡ್ಸಿ, ಒಳಗೆ ಮುರಿದ ಮೊಳೆ ಇದ್ರೆ ಮಿಲ್ಲಿನವರ ಬ್ಲೇಡ್ ಹೋಗತ್ತೆ, ಬೈಗುಳ ನಿಮಗೆ. ಬಿಲ್ ತಗೊಂಡು ಇಟ್ಕೊಳ್ಳಿ, ತೇಗ, ಬೀಟೆ ಸಾಗಿಸುವಾಗ ಅರಣ್ಯ ಇಲಾಖೆಯವರು ಕಾಗದ ಕೇಳ್ತಾರೆ. ಅಂಗಡೀಲಿ "ಬರ್ಮಾ ಟೀಕ್ ದಿಮ್ಮಿ ಈಗ ತಾನೇ ಬಂತು" ಅಂದ್ರೆ ಸುಮ್ನೆ ನಕ್ಕು ಬನ್ನಿ, ಮ್ಯಾನ್ಮಾರ್ ಇಡೀ ದಿಮ್ಮಿ ರಫ್ತು ನಿಲ್ಲಿಸಿದ್ದು 2014ರ ಏಪ್ರಿಲಲ್ಲಿ.

ಉಡುಪಿಯ ಓದುಗರು: ಹಲಸಿನ ಮರದ ದಾರಂದ (ಬಾಗಿಲ ಚೌಕಟ್ಟು) ಹೊಸ್ತು ಮಾಡಿಸ್ಲಿಕ್ಕುಂಟು, ಹಿತ್ತಲಲ್ಲೇ ಮರ ಉಂಟು. ಗೇರೆಣ್ಣೆ ಹಾಕಿದ್ರೆ ಗೆದ್ದಲು ಬರುದಿಲ್ಲ ಅಂತಾರೆ, ಹೌದಾ?

ಉತ್ತರ: ಹೌದು, ಗೇರುಬೀಜದ ಸಿಪ್ಪೆಯಿಂದ ಬರೋ ಆ ಎಣ್ಣೆ ಗೆದ್ದಲನ್ನ ದೂರ ಇಡತ್ತೆ, ಆದ್ರೆ ಚರ್ಮ ಸುಡತ್ತೆ, ಮರನ ಕಪ್ಪು ಮಾಡತ್ತೆ. ಗೋಡೆಯೊಳಗೆ ಹೋಗೋ ಮುಖಕ್ಕೂ ಕುಯ್ದ ತುದಿಗಳಿಗೂ ಗ್ಲೌಸ್ ಹಾಕ್ಕೊಂಡು ಹಚ್ಚಿ, ಕಾಣೋ ಮುಖಕ್ಕೆ ಬೇಡ, ಹಲಸಿನ ಹಳದಿ ತಾನಾಗೇ ಕೆಂಪು ಕಂದಾಗೋದನ್ನ ನೋಡೋದೇ ಚಂದ. ಹಿತ್ತಲ ಮರ ಈಗ ಕಡಿದು ಮುಂದಿನ ತಿಂಗಳು ದಾರಂದ ಮಾಡೋಕಾಗಲ್ಲ. ನೆರಳಲ್ಲಿ ಒಣಗೋಕೆ ಒಂದಿಂಚು ದಪ್ಪಕ್ಕೆ ಒಂದು ವರ್ಷ ಅಂತ ಲೆಕ್ಕ, 3 ಇಂಚಿನ ದಾರಂದಕ್ಕೆ ಮೂರು ವರ್ಷ ಆಯ್ತು. ಅವಸರ ಇದ್ರೆ ಒಣಗಿದ ಮರ ಕೊಳ್ಳಿ, ತೇವ ಅಳೆಯೋ ಮೀಟರ್ ಇಟ್ಟು ನೋಡಿ, ಕರಾವಳಿಗೆ 14 ಪರ್ಸೆಂಟ್ ಒಳಗಿದ್ರೆ ಸಾಕು. ಮರ ಕಡಿಯೋಕೆ ಪರ್ಮಿಷನ್ ಬೇಕಾ ಅಂತ ವಲಯ ಅರಣ್ಯ ಕಚೇರೀಲಿ ಕೇಳಿ. ಹತ್ತಿರದಲ್ಲೇ ಮಣಿಪಾಲದ ಹಸ್ತಶಿಲ್ಪ ಹೆರಿಟೇಜ್ ವಿಲೇಜ್ ಇದೆಯಲ್ಲ, ವಿಜಯನಾಥ ಶೆಣೈ ಅವರು ಕೆಡವೋಕಿದ್ದ ಮನೆಗಳನ್ನ ಬಿಚ್ಚಿ ತಂದು ಮತ್ತೆ ಕಟ್ಸಿರೋದು. ನಿಮ್ಮ ಆಚಾರಿನೂ ಕರ್ಕೊಂಡು ಹೋಗಿ, ಕೆಲಸ ಶುರು ಮಾಡೋ ಮುಂಚೆ.

ಶ್ರೀರಂಗಪಟ್ಟಣದ ಓದುಗರು: ಎಎಸ್‌ಐ (ಕೇಂದ್ರ ಪುರಾತತ್ವ ಇಲಾಖೆ) ಸ್ಮಾರಕದ ಪಕ್ಕದಲ್ಲೇ ಮನೆ. ಕಿಟಕಿ ಬದಲಾಯಿಸೋಕೂ ಪರ್ಮಿಷನ್ ಬೇಕಾ?

ಉತ್ತರ: ಸಂರಕ್ಷಿತ ಸ್ಮಾರಕದಿಂದ 100 ಮೀಟರ್ ನಿಷೇಧಿತ, ಅದರಾಚೆ 200 ಮೀಟರ್ ನಿಯಂತ್ರಿತ ಜಾಗ. ನಿಷೇಧಿತ ಜಾಗದಲ್ಲಿ 1992ರ ಜೂನ್ 16ಕ್ಕಿಂತ ಮುಂಚಿನ ಮನೆಗೆ ರಿಪೇರಿ, ನವೀಕರಣಕ್ಕೆ ಅರ್ಜಿ ಹಾಕಬಹುದು, ಹೊಸದಾಗಿ ಕಟ್ಟೋಕೆ ಬಿಡಲ್ಲ. ಅರ್ಜಿ ಜೊತೆ ಈಗಿನ ಕಿಟಕಿ ಫೋಟೋ, ಅಳತೆ, ಯಾವ ಮರ ಅಂತ ಎಲ್ಲ ಇಡಿ, "ಅದೇ ಅಳತೆ, ಅದೇ ಜಾಗ" ಅಂತ ಸ್ಪಷ್ಟವಾಗಿ ಬರೀರಿ. ಅನುಮತಿ ಕಾಗದ ಕೈಗೆ ಬರೋ ತನಕ ಗೋಡೆಗೆ ಉಳಿ ಹಾಕ್ಬೇಡಿ.

ಶಿರಸಿಯ ಓದುಗರು: ಸರ್ ನಾನು ಆಚಾರಿ, ಅಪ್ಪನ ಹತ್ರಾನೇ ಕಲ್ತಿದ್ದು. ಒಂದು ಹಳೇ ಮನೆ ಬಾಗಿಲಿನ ಕೆಲಸ ಸಿಕ್ಕಿದೆ. ಆರ್ಕಿಟೆಕ್ಟ್ ಹೇಳ್ತಾರೆ ಹೊಸ ಭಾಗ ಹೊಸದು ಅಂತ ಗೊತ್ತಾಗ್ಬೇಕು, ಮನೆ ಯಜಮಾನ್ರು ಹೇಳ್ತಾರೆ ಗೊತ್ತಾಗ್ಲೇಬಾರದು. ಮಧ್ಯದಲ್ಲಿ ನಾನು. ಬಾಗಿಲವಾಡದ (ಬಾಗಿಲ ಚೌಕಟ್ಟಿನ) ಮೇಲಿನ ಕೆತ್ತನೇಲಿ ಒಂದು ಭಾಗ ಇಲ್ಲವೇ ಇಲ್ಲ, ಅಲ್ಲಿ ಏನು ಕೆತ್ಲಿ?

ಉತ್ತರ: ಇಬ್ಬರೂ ಸುಳ್ಳು ಹೇಳ್ತಿಲ್ಲ ತಮ್ಮಾ. ಆರ್ಕಿಟೆಕ್ಟ್ ಹೇಳ್ತಿರೋದು 1964ರ ವೆನಿಸ್ ಚಾರ್ಟರಿನ (ಹಳೇ ಕಟ್ಟಡ ಉಳಿಸೋದರ ಅಂತಾರಾಷ್ಟ್ರೀಯ ಸನ್ನದು) ಮಾತು, ಹೊಸ ಭಾಗ ಒಟ್ಟಿಗೆ ಹೊಂದ್ಕೋಬೇಕು ಆದ್ರೆ ಹಳೇದು ಅಂತ ಮೋಸ ಮಾಡಬಾರದು ಅಂತ. ಯಜಮಾನ್ರು ಹೇಳ್ತಿರೋದು ನಮ್ಮ ಜೀರ್ಣೋದ್ಧಾರದ ದಾರಿ, ನಮ್ಮ ದೇಶದ ಪರಂಪರೆ ಉಳಿಸೋ ಸಂಸ್ಥೆ ಇಂಟ್ಯಾಕ್ 2004ರಲ್ಲಿ ಮಾಡಿದ ಚಾರ್ಟರ್ ಅದಕ್ಕೂ ಜಾಗ ಕೊಡತ್ತೆ, ನಿಮ್ಮಂಥ ಕಸುಬುದಾರರ ವಿದ್ಯೆನೂ ಉಳೀಬೇಕಾದ ಆಸ್ತಿ ಅಂತಾನೇ ನೋಡತ್ತೆ.

ನಾನಾದ್ರೆ ಹೀಗೆ ಮಾಡಿಸ್ತೀನಿ. ಅದೇ ಮರ, ಅದೇ ಜಾಯಿಂಟ್, ಅದೇ ದಪ್ಪ, ಅಂಗಳದಲ್ಲಿ ನಿಂತವರಿಗೆ ವ್ಯತ್ಯಾಸ ಕಾಣಬಾರದು. ಹತ್ರ ಬಂದು ನೋಡಿದವರಿಗೆ ಹೊಸ ಮರ ಅಂತ ಗೊತ್ತಾದ್ರೆ ಗೊತ್ತಾಗ್ಲಿ. ಪಡಿ ಮುಚ್ಚಿದಾಗ ಕಾಣದ ಅಂಚಲ್ಲಿ ಇಸವಿ ಕೆತ್ತಿ, ನಿಮ್ಮ ಗುರುತೂ ಹಾಕಿ. ಹೊಸ ಮರಕ್ಕೆ ಚಹಾ ಡಿಕಾಕ್ಷನ್ ಬಳಿದು, ಸರಪಳೀಲಿ ಹೊಡೆದು ಹಳೇದು ಮಾಡೋ ಆಟ ಬೇಡ, ಅದು ಹೋಟೆಲ್ ಇಂಟೀರಿಯರಿಗೆ ಸರಿ.

ಕೆತ್ತನೆ ವಿಷ್ಯ. ಎಡಕ್ಕಿರೋದರ ಜೋಡಿ ಬಲಕ್ಕೆ ಇತ್ತು ಅಂತ ಖಾತ್ರಿ ಇದ್ರೆ, ಎಡದ್ದನ್ನ ನೋಡಿ ಕೆತ್ತಿ. ಮಧ್ಯದ್ದೇ ಹೋಗಿದೆ, ಅಲ್ಲಿ ಗಜಲಕ್ಷ್ಮಿ ಇತ್ತೋ ಗಣಪತಿ ಇತ್ತೋ ಹಳೇ ಫೋಟೋನೂ ಇಲ್ಲ ಅಂತಾದ್ರೆ ಅಷ್ಟು ಮಟ್ಟಿಗೆ ಸಾದಾ ಮರ ಕೂರಿಸಿ ಬಿಟ್ಬಿಡಿ. ನಿಮ್ಮ ಕೈ ಎಷ್ಟೇ ಚೆನ್ನಾಗಿದ್ರೂ ಅಲ್ಲಿ ಊಹೆ ಕೆತ್ತಬೇಡಿ. ಯಜಮಾನ್ರು ಒತ್ತಾಯ ಮಾಡಿದ್ರೆ ಬೇರೆ ಹಲಗೇಲಿ ಕೆತ್ತಿ, ಬಿಚ್ಚೋಕೆ ಬರೋ ಹಾಗೆ ಮರದ ಗೂಟದಲ್ಲಿ ಕೂರಿಸಿ, ಮುಂದೆ ಯಾರ ಹತ್ರನಾದ್ರೂ ಹಳೇ ಫೋಟೋ ಸಿಕ್ಕಿದ್ರೆ ಬದಲಾಯಿಸಬಹುದು.

ಇನ್ನೊಂದು, ಎಸ್ಟಿಮೇಟ್ ಕೊಡುವಾಗ ಬಿಚ್ಚೋದು, ಅಳತೆ ತೆಗೆಯೋದು, ಅಚ್ಚು ಮಾಡೋದು ಇವಕ್ಕೆಲ್ಲ ಬೇರೆ ಸಾಲಲ್ಲಿ ಬೇರೆ ದುಡ್ಡು ಬರೀರಿ. ಸಿಎಫ್‌ಟಿ ಲೆಕ್ಕದಲ್ಲಿ ಒಂದೇ ರೇಟ್ ಹೇಳಿದ್ರೆ ನಿಮ್ಮ ಮೊದಲ ವಾರದ ಕೆಲಸ ಪೂರ್ತಿ ಪುಕ್ಕಟೆ ಹೋಗತ್ತೆ, ಆಮೇಲೆ ಆ ನಷ್ಟ ತುಂಬ್ಕೊಳ್ಳೋಕೆ ಜಾಯಿಂಟಲ್ಲಿ ಅವಸರ ಮಾಡ್ತೀರಿ. ಆರ್ಕಿಟೆಕ್ಟ್ ಹೇಗೂ ನಿಮ್ಮ ಪರವಾಗಿರ್ತಾರೆ, ಅವರ ಸಹಿ ಆ ಕಾಗದದ ಮೇಲೆ ಮೊದಲೇ ಹಾಕ್ಸಿಕೊಳ್ಳಿ.